ಮೊದಲನೇ ಗೆರೆ

ಕಿಟಕಿ ಮುಚ್ಚದಂತೆ ಸಿಕ್ಕಿಸಿದ್ದ ಉದ್ದನೆಯ ಸ್ಟೀಲ್ ಸ್ಕೇಲನ್ನು ಆಕೆ ಸರಕ್ಕನೆ ಎಳೆದುಕೊಂಡಳು. ಕದ ಧಡಾರನೆ ಬಡಿದು ನಡುಮನೆಯಲ್ಲಿ ಕೂತವರೆಲ್ಲ ಬೆಚ್ಚಿಬಿದ್ದರು. ಮಧ್ಯದಲ್ಲಿ ಮಲಗಿಸಿದ್ದ ಗಂಡನೊಬ್ಬನೇ ಬೆಚ್ಚಲಿಲ್ಲ.

“ಏನ್ ಅತ್ತಿಗೆ ಇದು? ಸೆಕೆ ಅಂತ ನಾನೇ ಸಿಕ್ಕಿಸಿದ್ದೆ,” ಎಂದಳು ನಾದಿನಿ.

“ಇದು ಕಿಟಕಿಗೆ ಸಿಕ್ಕಿಸೋ ಸಾಮಾನಲ್ಲ ಕಣೇ. ನಿಮ್ಮಣ್ಣ ನೋಡಿದ್ರೆ ಏನಂತಿದ್ರು?”

“ಅಣ್ಣ ಇನ್ನೆಲ್ಲಿ ನೋಡ್ತಾನೆ,” ಎಂದು ನಾದಿನಿ ಮತ್ತೆ ಅಳಲು ಶುರುಮಾಡಿದಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ಈಕೆಯ ತಲೆಗೇ ಬಂತು. ಸ್ಕೇಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಕೂರುವುದಾದರೂ ಹೇಗೆ? ಬೆಳಿಗ್ಗೆಯಿಂದ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಮನೆಯ ಹಿಂದಿನ ಗಿಟಾರ್ ವರ್ಕ್‌ಶಾಪಿಗೆ ಹೋಗಿ ಒಂದೇ ಒಂದು ಅಳತೆ ನೋಡಿ ಬರಬೇಕು, ಅಷ್ಟೇ. ಎದ್ದರೆ ಸಾಕು, ಯಾರಾದರೂ ರೆಟ್ಟೆ ಹಿಡಿದು ಕೂರಿಸುತ್ತಾರೆ. ಒಬ್ಬರು ನೀರು ತರುತ್ತಾರೆ, ಇನ್ನೊಬ್ಬರು ಬೆನ್ನು ಸವರುತ್ತಾರೆ. ಮಧ್ಯಾಹ್ನ ವಾಹನ ಬಂದುಬಿಡುತ್ತದೆ. ಗಂಡನಿಗೆ ತಾನು ಆಡಿದ ಕೊನೇ ಮಾತು ಸರಿಯೋ ತಪ್ಪೋ ಎಂದು ತಿಳಿಯದೆ ಅವನನ್ನು ಹೇಗೆ ಕಳಿಸಿಕೊಡುವುದು?

ಎದುರಿಗೆ ಗುಂಗುರು ಕೂತಿದ್ದ. ಪಾರ್ಟಿಗಳಲ್ಲಿ ಗಿಟಾರ್ ನುಡಿಸುವವನು, ಹಳೆಯ ಗಿರಾಕಿ. ತಲೆಗೂದಲು ನೋಡಿ ಗಂಡ ಇಟ್ಟ ಹೆಸರು ಅದು. ಕೂದಲು ಎಂದೋ ಉದುರಿಹೋಯಿತು, ಹೆಸರು ಮಾತ್ರ ಉಳಿದಿದೆ.

“ಯಜಮಾನ್ರ ಕೈ ಅಂದ್ರೆ ಕೈ ಅಮ್ಮ,” ಎಂದ ಗುಂಗುರು. “ಅವರು ಕೊರೆದ ತೂತು ಕೂದಲೆಳೆಯಷ್ಟೂ ಆಚೀಚೆ ಆಗ್ತಿರ್ಲಿಲ್ಲ. ಬೀದಿಯೋರೆಲ್ಲ ಅವರನ್ನ ಸುಮ್ನೆ ಕರೀತಿದ್ರಾ, ಮಿಲಿಮೀಟರ್ ಅಂತ?”

“ತೂತು ಕೊರೀತಿದ್ದದ್ದು ನಾನು,” ಎಂದಳು ಆಕೆ.

ಗುಂಗುರು ತಬ್ಬಿಬ್ಬಾಗಿ ಪಕ್ಕದವರ ಮುಖ ನೋಡಿದ. ದುಃಖದಲ್ಲಿ ಏನೇನೋ ಅಂತಿದಾರೆ ಅಂದುಕೊಂಡನೋ ಏನೋ, “ಇರ್ಲಿ ಅಮ್ಮ, ಇರ್ಲಿ,” ಎಂದ. “ನನ್ನ ಗಿಟಾರ್‌ಗೇನೂ ಅವಸರ ಇಲ್ಲ,” ಎಂದೂ ಸೇರಿಸಿದ. ಬಂದಾಗಿನಿಂದ ಇದನ್ನು ಅವನು ಹೇಳುತ್ತಲೇ ಇದ್ದಾನೆ.

* * *

ನಿಜಕ್ಕೂ ಕೊರೆಯುತ್ತಿದ್ದದ್ದು ಆಕೆಯೇ. ಮದುವೆಯಾದ ಹೊಸದರಲ್ಲಿ ಗಂಡ ಡ್ರಿಲ್ ಹಿಡಿದು ಬೆವರುವುದನ್ನು ನೋಡಲಾರದೆ, “ಕೊಡಿ ಇಲ್ಲಿ” ಎಂದು ಕಿತ್ತುಕೊಂಡಿದ್ದಳು. ಅಳೆಯುವುದರಲ್ಲಿ ಆತ ಹುಲಿ, ಕೊರೆಯುವುದರಲ್ಲಿ ಇಲಿ. “ಗೆರೆ ಅಳಿಸಬಹುದು ಕಣೇ, ತೂತು ಅಳಿಸೋಕಾಗುತ್ತಾ?” ಎನ್ನುತ್ತಿದ್ದ. ಅಂದಿನಿಂದ ಕೆಲಸ ಪಾಲಾಯಿತು. ಗಿಟಾರಿನ ಮರದ ಮೇಲೆ ಕಾಗದದ ಟೇಪು ಅಂಟಿಸಿ, ಗೆರೆ ಎಳೆದು, ದಬ್ಬಳದಿಂದ ಚುಚ್ಚಿ ಗುರುತು ಮಾಡುವುದು ಆತ. ಡ್ರಿಲ್ ನೆಟ್ಟಗೆ ಹಿಡಿದು ಇಳಿಸುವುದು ಆಕೆ. ಒಂದು ತೂತು ಮುಗಿದು ಡ್ರಿಲ್ ಮೇಲೆತ್ತಿದ ಕೂಡಲೇ ಆತ ಬಗ್ಗಿ ಉಫ್ ಎಂದು ಮರದ ಹುಡಿ ಊದುತ್ತಿದ್ದ. ಅರ್ಧ ಹುಡಿ ಆಕೆಯ ಮುಖಕ್ಕೇ ಬೀಳುವುದು. “ಆ ಕಡೆ ಊದ್ರೀ!” ಎಂದು ಆಕೆ ರೇಗಿದರೆ ಆತ ಬೇಕೆಂದೇ ಮತ್ತೆ ಈ ಕಡೆಗೇ ಊದುವುದು. ಆತನ ಗೆರೆಯನ್ನು ಆಕೆ ಒಮ್ಮೆಯೂ ಅಳೆದು ನೋಡಿದವಳಲ್ಲ.

ಹೋದ ವರ್ಷ ಒಂದು ಗೆರೆ ತಪ್ಪಿತು. ಕಣ್ಣು ಮಂಜಾಗಿದೆ ಅಂತ ಪುಣ್ಯಾತ್ಮ ಬಾಯಿ ಬಿಟ್ಟಿರಲಿಲ್ಲ. ಆಕೆ ನಂಬಿ ಕೊರೆದಳು. ತಂತಿ ಕಟ್ಟಿ ನೋಡಿದರೆ ಒಂದು ಸ್ವರವೂ ಜಾಗದಲ್ಲಿ ನಿಲ್ಲಲಿಲ್ಲ. ಅಷ್ಟು ಚೆಂದದ ಮರ ಮೂಲೆ ಸೇರಿತು. ಆಪರೇಷನ್ ಆಗಿ ಕಣ್ಣೇನೋ ಸರಿಹೋಯಿತು, ಆತನ ಧೈರ್ಯ ಸರಿಹೋಗಲಿಲ್ಲ. ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, “ಸರಿ ಇದೆಯೇನೇ?” ಎಂದು ಕೇಳುವಂತಾದ.

ನಿನ್ನೆ ಸಂಜೆ ಗುಂಗುರುವಿನ ಗಿಟಾರಿಗೆ ಬ್ರಿಜ್ ಕೂರಿಸುವುದಿತ್ತು. ಬ್ರಿಜ್ ಅಂದರೆ ತಂತಿಗಳ ಬುಡ ನಿಲ್ಲುವ ಲೋಹದ ತಟ್ಟೆ. ಆತ ಗೆರೆ ಎಳೆದು, ಚುಚ್ಚಿ, ಎಂದಿನಂತೆ “ಸರಿ ಇದೆಯೇನೇ?” ಎಂದ. ಆಕೆ ಮೊದಲ ಸಲ ತಾನೇ ಸ್ಕೇಲ್ ಹಿಡಿದು ಅಳೆದಳು. ಗೆರೆ ಇರಬೇಕಾದ್ದಕ್ಕಿಂತ ಒಂದು ಸೆಂಟಿಮೀಟರ್ ಹಿಂದೆ ಬಂದಿತ್ತು. ಹಸಿವೋ ಸುಸ್ತೋ, ಬಾಯಿಂದ ಮಾತು ಜಾರಿತು.

“ಮತ್ತೆ ತಪ್ಪಿದ್ರಿ! ಇನ್ನೊಂದು ಮರ ಹಾಳು ಮಾಡೋಕೆ ಕೂತಿದೀರಾ? ಕೈಲಾಗದಿದ್ರೆ ಬಿಟ್ಟುಬಿಡಿ.”

ಆತ ಪೆನ್ಸಿಲ್ ಕೆಳಗಿಟ್ಟ. ಆಕೆ ಉಂಡು ಮಲಗಿದಳು. ಆತ ಯಾವಾಗ ಬಂದು ಪಕ್ಕದಲ್ಲಿ ಮಲಗಿದನೋ ಗೊತ್ತಾಗಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

* * *

“ವಾಹನ ಬಂತು,” ಎಂದು ಯಾರೋ ಕೂಗಿದರು. ಎಲ್ಲರೂ ಬಾಗಿಲಿನತ್ತ ಹೋದರು. ಸಿಕ್ಕಿದ್ದೇ ಸಮಯ ಎಂದು ಆಕೆ ಅಡುಗೆಮನೆ ಹಾದು ವರ್ಕ್‌ಶಾಪು ಹೊಕ್ಕು ಚಿಲಕ ಹಾಕಿಕೊಂಡಳು.

ಗಿಟಾರ್ ಮೇಜಿನ ಮೇಲೆ ಹಾಗೇ ಇತ್ತು. ಆದರೆ ಟೇಪಿನ ಮೇಲೆ ಈಗ ಎರಡು ಗೆರೆ. ಮೊದಲನೆಯದನ್ನು ಗೀಚಿ ಹೊಡೆದುಹಾಕಿತ್ತು. ಒಂದು ಸೆಂಟಿಮೀಟರ್ ಮುಂದೆ ಹೊಸ ಗೆರೆ, ಹೊಸ ಚುಚ್ಚುಗಳು. ಸರಿಯಾಗಿ ಆಕೆ ಹೇಳಿದ ಜಾಗಕ್ಕೆ.

ಹಾಗಾದರೆ ಆತ ಒಪ್ಪಿಕೊಂಡಿದ್ದ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಸ್ಕೇಲ್ ಇಟ್ಟು ಅಳೆದಳು. ತನ್ನ ಲೆಕ್ಕವೇ ಬಂತು. ಇನ್ನೊಮ್ಮೆ ಅಳೆಯಲು ಹೋದಾಗ ತನ್ನ ಹೆಬ್ಬೆರಳು ಸ್ಕೇಲಿನ ಸೊನ್ನೆಯ ಮೇಲಲ್ಲ, ಒಂದು ಸೆಂಟಿಮೀಟರಿನ ಗುರುತಿನ ಮೇಲಿದೆ ಎಂಬುದು ಕಣ್ಣಿಗೆ ಬಿತ್ತು. ಸ್ಕೇಲಿನ ತುದಿ ಸವೆದುಹೋಗಿತ್ತು. ಅದಕ್ಕೇ ಆತ ಯಾವಾಗಲೂ ಒಂದರಿಂದ ಹಿಡಿದು ಅಳೆಯುತ್ತಿದ್ದ, ಕಡೆಗೆ ಆ ಒಂದನ್ನು ಕಳೆಯುತ್ತಿದ್ದ. ನೋಡಿ ನೋಡಿ ಆಕೆಯ ಕೈಯೂ ಒಂದರ ಮೇಲೇ ಹೋಗಿತ್ತು. ಕಳೆಯುವುದನ್ನು ಮಾತ್ರ ಮರೆತಿದ್ದಳು.

ಸ್ಕೇಲನ್ನು ಅತ್ತ ಎಸೆದು ಒಂದು ನೂಲು ತೆಗೆದುಕೊಂಡಳು. ಗಿಟಾರಿನ ಕತ್ತಿನ ಮೇಲಿನ ಹನ್ನೆರಡನೇ ಅಡ್ಡಪಟ್ಟಿ, ಹನ್ನೆರಡನೇ ಫ್ರೆಟ್ಟು, ಅಂದರೆ ತಂತಿಯ ನಟ್ಟನಡು. ಆತ ಹೇಳಿಕೊಟ್ಟ ಮೊದಲ ಪಾಠವೇ ಅದು. ತಂತಿ ಶುರುವಾಗುವ ಕಡೆಯಿಂದ ಅಲ್ಲಿಯವರೆಗೆ ನೂಲು ಹಿಡಿದು, ಅಷ್ಟೇ ನೂಲನ್ನು ಅಲ್ಲಿಂದ ಗೆರೆಗಳ ಕಡೆಗೆ ಎಳೆದಳು. ತುದಿ ಹೊಸ ಗೆರೆಯನ್ನು ದಾಟಿ, ಹೊಡೆದುಹಾಕಿದ ಗೆರೆಯ ಮೇಲೆ ಹೋಗಿ ಕೂತಿತು.

“ಅಯ್ಯೋ, ನಿಮ್ಮದೇ ಸರಿ ಇತ್ತಲ್ರೀ! ಯಾಕ್ರೀ ತಿದ್ದೋಕೆ ಹೋದ್ರಿ? ‘ನಿಂದೇ ತಪ್ಪು ಕಣೇ’ ಅಂತ ಒಂದು ಮಾತು ಬೈಯೋಕೆ ಏನಾಗಿತ್ತು ನಿಮಗೆ?” ಬೆಳಿಗ್ಗೆಯಿಂದ ಬಾರದ ಅಳು ಈಗ ಬಂತು. ಆಕೆ ಜೋರಾಗಿಯೇ ಅತ್ತಳು.

ನಾದಿನಿ ಬಾಗಿಲು ಬಡಿಯತೊಡಗಿದಳು. “ಅತ್ತಿಗೆ, ಚಿಲಕ ತೆಗೀರಿ! ಎತ್ತೋ ಹೊತ್ತಾಯ್ತು!”

“ಬಂದೆ! ನಾನು ಬರೋವರೆಗೂ ಅವರನ್ನ ಎತ್ತಕೂಡದು!”

ಮೂಗೊರೆಸಿಕೊಂಡು, ಎಷ್ಟು ಆಳ ಇಳಿಯಬೇಕೆಂಬ ಗುರುತಾಗಿ ಡ್ರಿಲ್ಲಿನ ಮೊನೆಗೆ ಟೇಪು ಸುತ್ತಿ, ಡ್ರಿಲ್ ಒತ್ತಿದಳು. ಆ ಸದ್ದು ಬಾಗಿಲಾಚೆಗೂ ಹೋಯಿತು.

“ಅಯ್ಯಯ್ಯೋ, ಇವರಿಗೆ ತಲೆ ಕೆಟ್ಟಿದೆ! ಹೆಣ ಮನೇಲಿಟ್ಕೊಂಡು ತೂತು ಕೊರೀತಿದಾರೆ!” ಎಂದು ನಾದಿನಿ ಕಿರುಚಿದಳು.

“ಅಮ್ಮಾ, ಅವಸರ ಇಲ್ಲ ಅಂದ್ನಲ್ಲಮ್ಮಾ!” ಎಂದು ಗುಂಗುರು ಅಳುದನಿಯಲ್ಲಿ ಕೂಗಿದ.

ಮೊದಲನೇ ಗೆರೆಯ ಚುಚ್ಚಿನೊಳಗೆ ಮೊನೆ ಸಲೀಸಾಗಿ ಇಳಿಯಿತು. ಡ್ರಿಲ್ ಮೇಲೆತ್ತಿ, ಅಭ್ಯಾಸಬಲದಿಂದ ಮುಖ ಪಕ್ಕಕ್ಕೆ ತಿರುಗಿಸಿ ಕಾದಳು. ಯಾರೂ ಊದಲಿಲ್ಲ. ಎರಡನೆಯದಕ್ಕೂ ಹಾಗೇ ತಿರುಗಿದಳು. ಉಳಿದವನ್ನೂ ಕೊರೆದು, ಟೇಪು ಕಿತ್ತು, ಬ್ರಿಜ್ ಇಟ್ಟು ಸ್ಕ್ರೂ ಬಿಗಿದಳು. ತಪ್ಪು ಗೆರೆಯ ಚುಚ್ಚುಗಳು ತಟ್ಟೆಯ ಅಡಿ ಸೇರಿದವು.

ಚಿಲಕ ತೆಗೆದು, ಯಾರ ಮುಖವನ್ನೂ ನೋಡದೆ ನಡುಮನೆಗೆ ನಡೆದಳು. ಗಂಡನ ಕಿವಿಯ ಹತ್ತಿರ ಬಗ್ಗಿದಳು.

“ರೀ, ನಿಮ್ಮ ಮೊದಲನೇ ಗೆರೆಗೇ ಕೊರೆದಿದೀನಿ. ಸರಿಯಾಗಿ ಕೂತಿದೆ.”

ಬಗ್ಗಿದಾಗ ಆಕೆಯ ತೋಳಿನಿಂದ, ಕೂದಲಿನಿಂದ ಮರದ ಹುಡಿ ಉದುರಿ ಆತನ ಇಸ್ತ್ರಿ ಮಾಡಿದ ಅಂಗಿಯ ಮೇಲೆಲ್ಲ ಬಿತ್ತು. ನಾದಿನಿ ಕಣ್ಣೊರೆಸಿಕೊಂಡು ಅದನ್ನು ಕೊಡವಲು ಕೈ ಚಾಚಿದಳು. ಆಕೆ ಆ ಕೈ ಹಿಡಿದುಕೊಂಡಳು.

“ಬಿಡು. ಊದೋದು ಅವರ ಕೆಲಸ.”

ಹೆಗಲು ಕೊಡುವವರು ಬಂದು ಎತ್ತಿದರು. ಬಾಗಿಲು ದಾಟುವಾಗಲೂ ಹುಡಿ ಅಂಗಿಯ ಮೇಲೆ ಹಾಗೇ ಇತ್ತು.