ಆರುವವರೆಗೆ

ಮೇಜಿನ ಮೇಲೆ ಬೆವರಿನ ಗುರುತು, ಐದು ಬೆರಳೂ ಎದ್ದು ಕಾಣುತ್ತಿವೆ, ತಮ್ಮ ಈಗಷ್ಟೇ ಅಂಗೈ ಎತ್ತಿದ್ದಾನೆ, ಗುರುತು ಅಂಚಿನಿಂದ ಒಳಕ್ಕೆ ಆರುತ್ತಿದೆ, ಕಿರುಬೆರಳು ಆಗಲೇ ಹೋಯಿತು, ಅಕ್ಕ ಅದನ್ನೇ ನೋಡುತ್ತಿದ್ದಾಳೆ, ಅವನ ಮುಖ ನೋಡಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ತೆರೆಯಬಾರದು, ಠಾಣೆಯ ಮೆಟ್ಟಿಲ ಮೇಲೆಯೇ ವಕೀಲಮ್ಮ ಹೇಳಿದ್ದಾರೆ — ನೀವು ಪಕ್ಕದಲ್ಲಿ ಕೂತ್ಕೋಬಹುದು, ಅವನಿಗೆ ಪ್ರಶ್ನೆ ಅರ್ಥ ಆಗ್ಲಿಲ್ಲ ಅಂದ್ರೆ ಬೇರೆ ಥರ ಕೇಳಿ ಅನ್ನಬಹುದು, ಆದ್ರೆ ಉತ್ತರ ಅವನದ್ದೇ ಆಗಿರ್ಬೇಕು, ನೀವು ಒಂದು ಮಾತು ಹೇಳ್ಕೊಟ್ರೂ ಎಲ್ಲಾ ನೀರುಪಾಲು. ಅವನದ್ದೇ ಅಂತೆ! ಮೂವತ್ತು ದಾಟಿದ ಈ ದೇಹಕ್ಕೆ ಹುಟ್ಟಿದಾಗಿನಿಂದ ಬಾಯಿ ಎಂದರೆ ಅಕ್ಕನೇ, ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ ತನ್ನ ಹೊಟ್ಟೆ ಮುಟ್ಟಿ ತೋರಿಸಿದವಳು ಅವಳು, ಒಳಗ್ ಹೋಗಿ ಒಳಗ್ ಹೋಗಿ ಎಂದು ಬಸ್ಸಿನಲ್ಲಿ ಊರನ್ನೇ ಬಾಯಿಂದ ತಳ್ಳುವ ಕಂಡಕ್ಟರಮ್ಮನಿಗೆ ತುಟಿ ಪಿಟಕ್ಕೆನ್ನದೆ ಕೂರು ಎಂದರೆ ಮೀನಿಗೆ ಮರ ಹತ್ತು ಎಂದ ಹಾಗೆ. ಆದರೂ ಕೂತಿದ್ದಾಳೆ. ಮೇಜಿನ ಆಚೆ ಇನ್‌ಸ್ಪೆಕ್ಟರು, ಶೀತ ಹಿಡಿದ ಮೂಗು, ಕೆಟ್ಟವರಂತೇನೂ ಕಾಣುವುದಿಲ್ಲ, ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದ್ದಾರೆ, ಇಸ್ತ್ರಿ ಪೆಟ್ಟಿಗೆ ಬಿಸಿ ಇರೋವಾಗ್ಲೇ ಬಟ್ಟೆ ಮೇಲೆ ಬಿಟ್ಟು ಹೋದೆ, ಅಲ್ವೇನಪ್ಪಾ? ಹೂಂ, ಎನ್ನುತ್ತಾನೆ ತಮ್ಮ. ಅದಕ್ಕೇ ನೀನು ಕೆಲಸ ಮಾಡೋ ಲಾಂಡ್ರಿ ಸುಟ್ಟು ಹೋಯ್ತು, ಅಲ್ವಾ? ಹೂಂ.

ಹೂಂ, ಹೂಂ — ಬೀದಿಯ ಮಕ್ಕಳು ಇವನಿಗೆ ಹೂಂಗುಟ್ಟಪ್ಪ ಎಂದು ಸುಮ್ಮನೆ ಹೆಸರಿಟ್ಟಿಲ್ಲ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟಲು ಹಗ್ಗ ಹುಡುಕುವವನು, ಶಾಲೆಯಲ್ಲಿ ಎದುರು ನಿಂತದ್ದಕ್ಕೆ ಪೆಟ್ಟು ತಿಂದು ಬಂದ ದಿನ ಅಮ್ಮ ಕಿವಿಯಲ್ಲಿ ಹೇಳಿದ್ದಳು, ದೊಡ್ಡವರು ಏನು ಕೇಳಿದ್ರೂ ಹೂಂ ಅಂದ್ಬಿಡು ಮಗಾ, ಯಾರೂ ಹೊಡೆಯಲ್ಲ, ಪಾಪ ಅಮ್ಮ, ಅವಳಿಗೇನು ಗೊತ್ತಿತ್ತು ಒಂದು ದಿನ ಲಾಂಡ್ರಿಗೆ ಬೆಂಕಿ ಬೀಳುತ್ತದೆ, ಮಹಡಿಯಲ್ಲಿ ಮಲಗಿದ್ದ ಕಾವಲುಗಾರ ಸುಟ್ಟ ಕೈಗಳೊಂದಿಗೆ ಆಸ್ಪತ್ರೆ ಸೇರುತ್ತಾನೆ, ಯಾರಾದರೊಬ್ಬರು ಹೊಣೆ ಹೊರಬೇಕಾಗುತ್ತದೆ ಎಂದು. ನಿನ್ನೆ ಇವನೊಬ್ಬನನ್ನೇ ಕರೆತಂದು ಕೇಳಿದ್ದಾರೆ, ಒಬ್ಬನೇ ಕೂತು ಎಲ್ಲಕ್ಕೂ ಹೂಂ ಅಂದಿದ್ದಾನೆ, ಮನೆಯವರು ಪಕ್ಕದಲ್ಲಿಲ್ಲದೆ ಇಂಥವನ ಮಾತು ಮಾತಲ್ಲ ಎಂದು ವಕೀಲಮ್ಮ ಪಟ್ಟು ಹಿಡಿದದ್ದಕ್ಕೆ ಇವತ್ತು ಮತ್ತೆ ಮೊದಲಿನಿಂದ, ಇವತ್ತೂ ಹೂಂ ಆದರೆ ಇಲ್ಲಿಂದ ನೇರ ಜೈಲು, ಅಲ್ಲಿ ಯಾರೋ ನಿನ್ನ ತಟ್ಟೆ ಕೊಡು ಅನ್ನುತ್ತಾರೆ, ಹೂಂ, ಇನ್ಯಾರೋ ನಿನ್ನ ಹೊದಿಕೆ ಕೊಡು ಅನ್ನುತ್ತಾರೆ, ಹೂಂ — ಅಕ್ಕ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಬಾಯಿ ತುಂಬ ಉಪ್ಪು. ಇನ್‌ಸ್ಪೆಕ್ಟರು ಸೀನಿದರು, ಮೂಗು ಒರೆಸಿಕೊಂಡು ತಮ್ಮನನ್ನೇ ನೋಡಿದರು, ಏನು ಹೊಳೆಯಿತೋ ಏನೋ, ನನಗೆ ಶೀತ ಬರಿಸಿದ್ದೂ ನೀನೇನಾ? ಹೂಂ, ಎಂದ ತಮ್ಮ ಗಂಭೀರವಾಗಿ, ಅಕ್ಕನ ಪಕ್ಕದಲ್ಲಿ ಕೂತಿದ್ದ ವಕೀಲಮ್ಮ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು, ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. ಈಗ, ಎಂದುಕೊಂಡಳು ಅಕ್ಕ, ಈಗಲೇ — ಸಾರ್, ಬೇರೆ ಥರ ಕೇಳಿ, ಎಂದಳು, ದನಿ ಬಸ್ಸಿನದೇ, ಗೋಡೆಗೆ ಬಡಿದು ವಾಪಸ್ಸು ಬಂತು, ಹೇಳಿಸ್ಬೇಡಿ, ಕೆಲಸ ಮುಗಿದ್ಮೇಲೆ ಏನ್ ಮಾಡ್ತಾನೋ ಮಾಡಿ ತೋರ್ಸು ಅನ್ನಿ.

ತೋರ್ಸಪ್ಪಾ, ಎಂದರು. ತಮ್ಮ ಎದ್ದ, ಕೋಣೆಯಲ್ಲಿ ಇಲ್ಲದ ಪ್ಲಗ್ಗು ಕಿತ್ತ, ಇಲ್ಲದ ವಯರನ್ನು ಕೈಗೆ ಸುತ್ತಿ ಸುತ್ತಿ ಪಕ್ಕಕ್ಕಿಟ್ಟ, ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ, ಅದರ ಭಾರಕ್ಕೆ ಮೊಣಕೈ ಸ್ವಲ್ಪ ಬಗ್ಗಿತು, ಆಮೇಲೆ ಕೂತ, ಅಂಗೈಯನ್ನು ಮೇಜಿನಿಂದ ಗೇಣು ಮೇಲೆ ಹಿಡಿದ, ಹಿಡಿದೇ ಇದ್ದ. ಮುಂದೇನು, ಎಂದರು ಇನ್‌ಸ್ಪೆಕ್ಟರು. ಅಂಗೈ ಒಂದಿಷ್ಟು ಇಳಿಯಿತು, ಮತ್ತೆ ನಿಂತಿತು, ಅಕ್ಕನಿಗೆ ಅಡುಗೆಮನೆ ಕಾಣುತ್ತಿದೆ, ಲಾಂಡ್ರಿಗೆ ಸೇರಿದ ಹೊಸದರಲ್ಲಿ ಮಣಿಕಟ್ಟು ಸುಟ್ಟುಕೊಂಡು ಬಂದ ಇವನ ಕೈಯನ್ನು ಅಮ್ಮ ಒಲೆಯ ಮೇಲಿಂದ ಇಳಿಸಿದ ಪಾತ್ರೆಯ ಮೇಲೆ ಹೀಗೇ ಹಿಡಿಸಿದ್ದಾಳೆ, ಮುಟ್ಟಬೇಡ, ಶಾಖ ನೋಡು, ಆರಿದ ಹಾಗೆ ಕೈ ಇಳಿಸು, ಪೂರ್ತಿ ಆರಿದ್ಮೇಲೇ ಏಳು ಮಗಾ — ಓಹೋ, ದಿನಾ ತಡ ಮಾಡಿ ಬಂದು ಅಕ್ಕನಿಂದ ಬೈಸಿಕೊಳ್ಳುವುದು ಇದಕ್ಕಾ, ಅನ್ನ ತಣ್ಣಗಾಯ್ತಲ್ಲೋ, ಬೀದಿ ಸುತ್ತೋಕೆ ಹೋಗಿದ್ಯಾ ಅಂದರೆ ಅದಕ್ಕೂ ಹೂಂ ಅಂದಿದ್ದೆಯಲ್ಲೋ ಕತ್ತೆ, ನನ್ನ ಬಂಗಾರ — ಅಂಗೈ ಇನ್ನೂ ಇಳಿಯುತ್ತಿದೆ, ಯಾರೂ ಅವಸರ ಮಾಡುತ್ತಿಲ್ಲ, ಬಾಗಿಲ ಬಳಿಯ ಪೇದೆಯೂ ಬಗ್ಗಿ ನೋಡುತ್ತಿದ್ದಾನೆ, ಇಳಿದು, ಇಳಿದು, ಮೇಜು ಮುಟ್ಟಿತು. ಇನ್‌ಸ್ಪೆಕ್ಟರು ಮುಂದಕ್ಕೆ ಬಾಗಿದರು, ಅದೇ ಪ್ರಶ್ನೆ, ಅದೇ ಮಾತುಗಳು, ದನಿ ಮಾತ್ರ ಮೆತ್ತಗೆ, ಬಿಸಿ ಇರೋವಾಗ್ಲೇ ಬಿಟ್ಟು ಹೋದೆ, ಅಲ್ವಾ? ಅಯ್ಯೋ ಯಾಕೆ ಕೇಳಿದಿರಿ ಹಾಗೆ, ಇಲ್ಲ ಅನ್ನೋ, ಒಂದೇ ಒಂದು ಸಲ, ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ತಮ್ಮ ಅವಳ ಕಡೆ ನೋಡಿದ, ಅಲ್ಲಿ ಉತ್ತರ ಸಿಗಲಿಲ್ಲ, ತನ್ನ ಕೈ ನೋಡಿಕೊಂಡ.

ಇಲ್ಲ, ಎಂದ.

ಇಲ್ಲ ಎಂದ, ಇವನು, ದೊಡ್ಡವರಿಗೆ — ವಕೀಲಮ್ಮ ಅಕ್ಕನ ಭುಜ ಒತ್ತಿದರು, ಇನ್‌ಸ್ಪೆಕ್ಟರು ಪೆನ್ನು ಎತ್ತಿಕೊಂಡರು, ಸರಿ, ನೀನು ಹೊರಟಾಗ ಒಳಗೆ ಯಾರ್‍ಯಾರಿದ್ರು, ನೀನೇ ಹೇಳು, ನಿಧಾನಕ್ಕೆ ಹೇಳು, ಎಂದರು, ಇದಕ್ಕೆ ಹೂಂ ಅನ್ನಲಾಗುವುದಿಲ್ಲ, ತಮ್ಮ ಯೋಚಿಸುತ್ತಿದ್ದಾನೆ, ಹುಬ್ಬು ಗಂಟಿಕ್ಕಿದೆ, ಯೋಚಿಸಲಿ, ಎಷ್ಟು ಹೊತ್ತಾದರೂ ಯೋಚಿಸಲಿ, ಅಕ್ಕನಿಗೆ ಬೇರೇನೂ ಕಾಣುತ್ತಿಲ್ಲ, ಮೇಜು, ಮೇಜಿನ ಮೇಲೆ ಆ ಅಂಗೈ, ಐದು ಬೆರಳೂ ಅಗಲಿಸಿ, ಅಲುಗದೆ.