ಅಣ್ಣನ ಬೀಮು, ತಮ್ಮನ ಬೀಮು

ಕ್ರೇನಿನಲ್ಲಿ ಭಾರದ ಯಂತ್ರ ಎತ್ತಿ ಇಳಿಸುವುದು ನಮ್ಮ ಮನೆಯ ಕಸುಬು. ನಮ್ಮ ಮನೆಯಲ್ಲಿ ಭಾರ ಎತ್ತುವ ಬೀಮುಗಳು ಎರಡು, ಅವುಗಳ ಮೇಲಿನ ಜಗಳಗಳು ಲೆಕ್ಕವಿಲ್ಲದಷ್ಟು. ಒಂದನ್ನು ಮಾಡಿದವರು ಗಂಡನ ಅಣ್ಣ, ಅಂದರೆ ನನ್ನ ಭಾವ, ಇನ್ನೊಂದನ್ನು ನನ್ನ ಗಂಡ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವರಿಬ್ಬರೂ ತಂತಮ್ಮ ಹೆಗ್ಗಣಕ್ಕೆ ವರ್ಷವರ್ಷ ಹೊಸ ಬಣ್ಣ ಬಳಿಯುತ್ತಾರೆ.

ಭಾವನದು ಲಿಫ್ಟಿಂಗ್ ಬೀಮ್. ಅವರ ಹಾಗೇ ದಪ್ಪ, ಅವರ ಹಾಗೇ ಕೂತ ಜಾಗ ಬಿಟ್ಟು ಸುಲಭಕ್ಕೆ ಏಳುವುದಿಲ್ಲ. ಕ್ರೇನಿನ ಕೊಕ್ಕೆ ಅದರ ನಡುವನ್ನು ಹಿಡಿಯುತ್ತದೆ, ಭಾರ ಎರಡು ತುದಿಗೆ ಜೋತುಬೀಳುತ್ತದೆ. ಕೋಲಿನ ಎರಡೂ ತುದಿಗೆ ಕೊಡ ಕಟ್ಟಿ ನಡುವೆ ಹೆಗಲು ಕೊಟ್ಟ ಹಾಗೆ. ಬಗ್ಗಬಾರದು ಅಂದರೆ ದಪ್ಪ ಇರಲೇಬೇಕು. ಗಂಡನದು ಸ್ಪ್ರೆಡರ್ ಬೀಮ್. ಕೊಕ್ಕೆಯಿಂದ ಎರಡು ತಂತಿಹಗ್ಗ ಓರೆಯಾಗಿ ಇಳಿದು ಅದರ ತುದಿಗಳನ್ನು ಹಿಡಿಯುತ್ತವೆ, ಮೊಳೆಗೆ ದಾರದಲ್ಲಿ ನೇತುಹಾಕಿದ ಫೋಟೋ ಹಾಗೆ. ಅದು ಬಗ್ಗಬೇಕಿಲ್ಲ, ಎರಡೂ ಕಡೆಯಿಂದ ಒತ್ತಿಸಿಕೊಂಡರೆ ಸಾಕು. ಹಾಗಾಗಿ ಸಣಕಲು, ಹಗುರ. ಆದರೆ ಆ ಓರೆ ಹಗ್ಗಗಳಿಗೆ ಮೇಲೆ ಎತ್ತರ ಬೇಕು. ಬಯಲಲ್ಲಿ ತಮ್ಮನದು, ತಗ್ಗು ಸೂರಿನಡಿ ಅಣ್ಣನದು. ಇಷ್ಟು ಒಪ್ಪಿಕೊಂಡಿದ್ದರೆ ನಮ್ಮ ಮನೆಯಲ್ಲಿ ಊಟ ಬಿಸಿ ಇರುವಾಗಲೇ ಮುಗಿಯುತ್ತಿತ್ತು. ಆದರೆ ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಾವನಿಗೆ ಮಂಡಿನೋವು ಜಾಸ್ತಿಯಾಗಿ ತಂಡದ ಮೇಸ್ತ್ರಿಗಿರಿ ಬಿಡುವ ಹೊತ್ತು ಬಂತು. ಮಕ್ಕಳಲ್ಲಿ ಯಾರಿಗೆ ಕೊಟ್ಟರೂ ಇನ್ನೊಬ್ಬ ಮುಖ ಊದಿಸಿಕೊಳ್ಳುತ್ತಾನೆ. "ಕಾಗದದ ಕಾರ್ಖಾನೆ ಕೆಲಸ ಯಾರ ಬೀಮಲ್ಲಿ ಆಗುತ್ತೋ ಅವನೇ ಮೇಸ್ತ್ರಿ" ಅಂದುಬಿಟ್ಟರು. ಮಂಡಿ ಸವೆಯುವಾಗ ಬುದ್ಧಿಯೂ ಒಂಚೂರು ಸವೆಯುತ್ತದೆ ಅಂತ ಕಾಣುತ್ತೆ.

ಕೆಲಸ ಏನೆಂದರೆ, ಯಂತ್ರದೊಳಗಿನ ಉದ್ದನೆಯ ಹಳೇ ರೋಲರನ್ನು ಎತ್ತಿ, ಅದರ ಚೌಕಟ್ಟು ದಾಟಿಸಿ ಹೊರಗಿಡುವುದು. ಶೆಡ್ಡಿನ ಸೂರು ತಗ್ಗು. ಕ್ರೇನ್ ನಡೆಸುವವಳು ನಾನು. ಯಾರ ಬೀಮೋ ಅವನೇ ಕೆಳಗೆ ರೋಲರಿನ ಪಕ್ಕ ನಿಂತು, ಅದಕ್ಕೆ ಕಟ್ಟಿದ ಹಗ್ಗ ಹಿಡಿದು ದಾರಿ ತೋರಿಸಬೇಕು. ಮಾಡಿದವನಿಗೆ ಭಯ ಇರಲಿ ಅಂತ ನಮ್ಮ ಮನೆಯ ಹಳೇ ಕಟ್ಟಳೆ.

ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಗಂಡ ತನ್ನ ಬೀಮನ್ನೇ ಕಟ್ಟಿ ಮುಗಿಸಿದ್ದ. (ಎದುರಿಗೆ ರೀ ಅನ್ನುತ್ತೇನೆ, ಕಥೆಯಲ್ಲಿ ಇಷ್ಟು ಮರ್ಯಾದೆ ಸಾಕು.) ಹಗ್ಗಗಳು ಓರೆ ಅನ್ನುವುದಕ್ಕಿಂತ ಮಲಗಿದ್ದವು ಅನ್ನಬೇಕು.

"ರೀ, ಇದು ಯಾವ ಹಗ್ಗ?"

"ಗಿಡ್ಡದು. ಎತ್ತರ ಸಾಲಲ್ಲ ಅಂತಿದ್ರಲ್ಲ ಎಲ್ಲರೂ, ಸಾಲಿಸಿದೀನಿ ನೋಡು."

"ಬಟ್ಟೆ ಒಣಗಿಸೋ ಹಗ್ಗ ನೆಟ್ಟಗೆ ಬಿಗಿದು ಒದ್ದೆ ಕಂಬಳಿ ಹಾಕಿದ್ರೆ ಏನಾಗತ್ತೆ? ಪಟ್ಟಂತ ಹರಿಯತ್ತೆ. ಹಗ್ಗ ಮಲಗಿದಷ್ಟೂ ಎಳೆತ ಜಾಸ್ತಿ. ನಿಮ್ಮ ಸಣಕಲು ಬೀಮೂ ಮಡಚಿಹೋಗತ್ತೆ."

"ಚೌಕಟ್ಟು ದಾಟೋವರೆಗೆ ತಡ್ಕೊಂಡ್ರೆ ಸಾಕು. ಹೋಗಿ ಕೂತ್ಕೋ."

ಅವನು ನಿಂತಿದ್ದ ಜಾಗ ನೋಡಿದೆ. ಒಂದು ಕಡೆ ಗೋಡೆ, ಒಂದು ಕಡೆ ಯಂತ್ರ, ಓಡುವುದಕ್ಕೆ ದಾರಿ ಇಲ್ಲ. ಭಾವ ಕೈಕಟ್ಟಿಕೊಂಡು ಹಲ್ಲುಕಿರಿಯುತ್ತಿದ್ದರು. ತಮ್ಮ ಸಾಯಬಹುದು ಅನ್ನುವುದು ಆ ಮಹಾಶಯರಿಗೆ ಹೊಳೆದಿರಲಿಲ್ಲ, ತಮ್ಮ ಸೋಲುತ್ತಾನೆ ಅನ್ನುವುದಷ್ಟೇ ಹೊಳೆದಿತ್ತು.

"ನಾನು ಎತ್ತಲ್ಲ" ಅಂದೆ. "ಭಾವಂದು ಕಟ್ಟಿ."

"ನೀನು ನನ್ನ ಹೆಂಡತೀನಾ, ಅಣ್ಣನ ಕಡೆಯವಳಾ?"

ಎಲ್ಲರ ಎದುರಿಗೇ ಕೇಳಿದ. ಕ್ರೇನಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ನಿಂತೆ. ಗಂಡ ಹಲ್ಲು ಕಡಿದ, ಕಾಲಿಂದ ಕಬ್ಬಿಣಕ್ಕೆ ಒದ್ದ, ಒದ್ದ ಕಾಲನ್ನು ಹಿಡಿದುಕೊಂಡ. ಕೊನೆಗೆ ತನ್ನ ಬೀಮನ್ನು ತಾನೇ ಬಿಚ್ಚಿದ.

ಭಾವನ ಬೀಮು ಕೊಕ್ಕೆಗೆ ಅಂಟಿಕೊಂಡ ಹಾಗೆ ಕೂತಿತು. ಅದರ ಭಾರಕ್ಕೆ ಕ್ರೇನು ಮುಲುಗಿತು, ಆದರೂ ರೋಲರು ಸಮವಾಗಿ ಎದ್ದು ಚೌಕಟ್ಟು ದಾಟಿತು. ಹಗ್ಗ ಹಿಡಿದಿದ್ದ ಭಾವನ ಮುಖದಲ್ಲಿ ಆಗ ನಗು ಇರಲಿಲ್ಲ. ಕೆಳಗಿಳಿಸಿದ ಮೇಲೆ ವಾಪಸ್ ಬಂತು, ಮೇಸ್ತ್ರಿಗಿರಿಯ ಜೊತೆಗೆ.

ಗಂಡ ಅಷ್ಟು ವರ್ಷ ಆಸೆಪಟ್ಟಿದ್ದನ್ನು ಕಿತ್ತು ಅವನಣ್ಣನ ಕೈಗೆ ಕೊಟ್ಟವಳು ನಾನು. ಅದು ನನಗೆ ಗೊತ್ತಿತ್ತು, ಸಂಕಟವೂ ಆಗುತ್ತಿತ್ತು. ಸಂಜೆ ಅವನು ಗೋಡೆಗೆ ಮುಖ ಮಾಡಿ ಉಣ್ಣಲು ಕೂತ. ಉಪ್ಪನ್ನೂ ಗೋಡೆಯನ್ನೇ ಕೇಳಿದ. ನಾನು ತಂದಿಟ್ಟೆ. ಅರ್ಧ ಊಟ ಆದಮೇಲೆ ಗೋಡೆಗೇ ಹೇಳುವ ಹಾಗೆ ಕೇಳಿದ:

"ಎತ್ತಿದ್ರೆ ನಿಜವಾಗ್ಲೂ ಬೀಳ್ತಿತ್ತಾ?"

"ಗೊತ್ತಿಲ್ಲ ರೀ. ತಡ್ಕೋತಿತ್ತೋ ಏನೋ. ಪರೀಕ್ಷೆ ಮಾಡಿ ನೋಡೋಣ ಅಂದ್ರೆ ನನಗಿರೋದು ಒಬ್ಬನೇ ಗಂಡ."