ಸೀಸ ಕುಡಿದ ಲಾವಂಚ

ನಾನು ಒಂದು ಲಾವಂಚದ ಬುಡ. ಬೀಜದಿಂದ ಹುಟ್ಟಲಿಲ್ಲ. ತಾಯಿಬುಡವನ್ನು ಸೀಳಿ, ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿದರು; ಅದೇ ನನ್ನ ಹುಟ್ಟು. ನನ್ನ ಜೊತೆಯವು ಕೆಲವು ಕೆರೆಯ ಏರಿಗೆ ಹೋದವು, ಕೆಲವು ಅತ್ತರಿನವರ ಹೊಲಕ್ಕೆ. ನಾನು ಸೇರಿದ್ದು ಪೇಟೆಯಾಚೆಯ ಒಂದು ಮುಚ್ಚಿದ ಶೆಡ್ಡಿನ ಹಿತ್ತಲಿಗೆ.

ಹಿಂದೆ ಅಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಬೂದಿಬಣ್ಣದ ಆ ಮಣ್ಣಿನಲ್ಲಿ ಗರಿಕೆಯೂ ಚಿಗುರುತ್ತಿರಲಿಲ್ಲ. ನಮ್ಮನ್ನು ನೆಟ್ಟವಳು ಪುಟ್ಟಮಾದಮ್ಮ. ಮಣ್ಣು ಶುದ್ಧಮಾಡಲು ಬಂದಿದ್ದ ಕೃಷಿ ಕಾಲೇಜಿನ ವಾರಿಜಾ ಮೇಡಂ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಮೊದಲ ಸಾಲು ಹದಿನೈದೇ ದಿನಕ್ಕೆ ಒಣಗಿತು.

"ಈ ನೆಲ ಸತ್ತೋಗದೆ ಬುಡಿ ಮೇಡಂ," ಎಂದಳು ಪುಟ್ಟಮಾದಮ್ಮ.

"ಪೂರ್ತಿ ಸತ್ತಿಲ್ಲಮ್ಮ," ಎಂದರು ಮೇಡಂ. ಅದೇ ಮಣ್ಣಿನಲ್ಲಿ ಸಾಯದೆ ಉಳಿದಿದ್ದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಗೊಬ್ಬರಕ್ಕೆ ಬೆರೆಸಿ ನಮ್ಮ ಬುಡಕ್ಕೆ ಹಾಕಿಸಿದರು. ಅವು ಮಣ್ಣು ಕಚ್ಚಿಕೊಂಡಿದ್ದ ಸೀಸವನ್ನು ಸಡಿಲಿಸಿದವು. ನಾನು ನೀರಿನ ಜೊತೆ ಅದನ್ನೂ ಹೀರಿದೆ. ಹೀರಿದ್ದು ಬಹುಪಾಲು ಬೇರಿನಲ್ಲೇ ನಿಂತಿತು. ಮೂರು ವರ್ಷದಲ್ಲಿ ಆಳೆತ್ತರ ಬೆಳೆದೆ.

ಆ ಬೇಸಿಗೆಯಲ್ಲಿ ಪುಟ್ಟಮಾದಮ್ಮನ ಮಗಳು ಜಯಶೀಲ ಹೆರಿಗೆಗೆಂದು ತವರಿಗೆ ಬಂದಳು. ಒಂದು ಮಧ್ಯಾಹ್ನ ಅವ್ವನಿಗೆ ಬುತ್ತಿ ತಂದವಳಿಗೆ ನನ್ನ ಬೇರಿನ ಪರಿಮಳ ಹಿಡಿಸಿತು. ಅವ್ವ ಆಚೆ ಸಾಲಿನಲ್ಲಿದ್ದಾಗ ಒಂದು ಹಿಡಿ ಕಿತ್ತು, ತೊಳೆದು, ಶೆಡ್ಡಿನ ನೆರಳಿನಲ್ಲಿದ್ದ ಕುಡಿಯುವ ನೀರಿನ ಮಡಕೆಗೆ ಹಾಕಿದಳು. ಎಲ್ಲರ ಮನೆಯಲ್ಲೂ ಬೇಸಿಗೆಗೆ ಮಾಡುವುದೇ ಅದು. ಸ್ವಲ್ಪ ಹೊತ್ತು ಬಿಟ್ಟು ಲೋಟ ಎತ್ತಿದಳು. ಅಷ್ಟರಲ್ಲಿ ಪುಟ್ಟಮಾದಮ್ಮ ಓಡಿಬಂದು ಅದನ್ನು ಕಿತ್ತೆಸೆದಳು. ಮಡಕೆಯನ್ನೂ ಒದ್ದು ಉರುಳಿಸಿದಳು.

"ಒಂದು ಬೇರ್ಗೆ ಯಾಕವ್ವ ಇಂಗಾಡ್ತೀಯೆ?"

"ಅದು ಇಸ ಕಣವ್ವ." ಪುಟ್ಟಮಾದಮ್ಮ ಉರುಳಿದ ಮಡಕೆಯಿಂದ ಬೇರನ್ನು ಹೆಕ್ಕಿ ತೆಗೆದಳು. "ನಿನ್ ತಮ್ಮ ಹೊಟ್ಟೇಲಿದ್ದಾಗ ನಾನು ಇಲ್ಲೇ ಬ್ಯಾಟ್ರಿ ಒಡೀತಿದ್ದೆ. ಆಸಿಡ್ನ ಇದೇ ನೆಲಕ್ಕೆ ಸುರೀತಿದ್ದೆ. ನಾಕು ವರ್ಸಾದ್ರೂ ಅವ ಅವ್ವ ಅನ್ಲಿಲ್ಲ. ಆಮೇಲೆ ಫಿಟ್ಸ್ ಬಂದು ಹೋದ. ದೇವ್ರ ಸಾಪ ಅಂದ್ಕಂಡಿದ್ದೆ. ಸೀಸದಿಂದ ಇಂಗೂ ಆಯ್ತದೆ ಅಂತ ಮೇಡಂ ಹೇಳದ ಮೇಲೇ ತಿಳಿದಿದ್ದು."

ಜಯಶೀಲ ಬೇರು ಕಿತ್ತ ಕೈಯನ್ನು ನೋಡಿಕೊಂಡಳು. "ಮತ್ತೆ ಇಲ್ಲಿಗೇ ಯಾಕವ್ವ ಬತ್ತೀಯೆ?"

"ಸುರ್ದೋಳು ನಾನಲ್ವಾ?"

ಮಳೆಗಾಲ ಕಳೆದ ಮೇಲೆ ನನ್ನನ್ನು ಅಗೆದರು. ನಮ್ಮ ಸಾಲುಗಳ ಮಣ್ಣಿನಲ್ಲಿ ಸೀಸ ಸ್ವಲ್ಪ ಕಡಿಮೆಯಾಗಿತ್ತು. ನೆಲ ಪೂರ್ತಿ ಗುಣವಾಗಲು ಇನ್ನೂ ಎಷ್ಟು ವರ್ಷ ಬೇಕೆಂದು ಮೇಡಂಗೂ ಗೊತ್ತಿರಲಿಲ್ಲ. ನನ್ನಿಂದ ಬಿಡಿಸಿದ ಎಳೆಯ ಸಸಿಗಳು ಪಕ್ಕದ ಸಾಲಿಗೆ ಹೋದವು. ಬೇರಾಗಿ ಉಳಿದ ನಾನು ಡ್ರಮ್ಮಿಗೆ ಬಿದ್ದೆ. ವಿಷದ ಕಸ ಹೂಳುವ ಗುಂಡಿಗೆ ನನ್ನ ಮುಂದಿನ ಪಯಣ. ಪರಿಮಳವಿದ್ದೂ ಯಾರ ಮನೆಗೂ ಸಲ್ಲದ ಬಾಳು ನನ್ನದು. ಅದಕ್ಕೆ ಬೇಸರವಿಲ್ಲ, ನನ್ನನ್ನು ತಂದದ್ದೇ ಸೀಸ ಹೀರಲು.

ಮುಚ್ಚಳ ಹಾಕುವ ಮೊದಲು ಕಂಡದ್ದಿಷ್ಟು: ಬೇಲಿಯಾಚೆ ರಸ್ತೆಯಲ್ಲಿ ಜಯಶೀಲ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಪುಟ್ಟಮಾದಮ್ಮ ಕೆಲಸದ ಸೀರೆ ಬದಲಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಉಗುರಿನ ಸಂದಿ ನೋಡಿಕೊಂಡು ಮತ್ತೊಮ್ಮೆ ತೊಳೆದಳು. ಆಮೇಲೆ ಬೇಲಿ ದಾಟಿ ಕೈ ಚಾಚಿದಳು.